ಕಾಗೆ ಮುಟ್ಟದ ಎಡೆ

ಇಂಥದ್ದನ್ನೆಲ್ಲ ನಂಬುವ ಪೈಕಿ ನಾನಲ್ಲ. ಟ್ರೋಲ್‌ಹೆಟ್ಟನ್ ಎಂಬ ಪರದೇಶದ ಊರಿನಲ್ಲಿ ವಿಮಾನದ ಎಂಜಿನ್ ಪರೀಕ್ಷಿಸುವುದು ನನ್ನ ಕೆಲಸ. ಯಾರಾದರೂ ದೆವ್ವ, ಶಕುನ ಎಂದು ಶುರು ಮಾಡಿದರೆ ಅರ್ಧಕ್ಕೇ ತಡೆದು ತಕರಾರು ತೆಗೆಯುತ್ತಿದ್ದೆ. ಹಾಗಾಗಿ ಇದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಎರಡು ಸಾವಿರದ ದಶಕದ ನಡುವಿನ ಮಾತು. ನನ್ನ ಹೆಂಡತಿ ಸುಧಾ ಗಂಗೊಳ್ಳಿಯವಳು, ಮೀನಿಲ್ಲದೆ ಅನ್ನ ಇಳಿಯದ ಮನೆಯವಳು. ನಮಗೆ ಮಕ್ಕಳಾಗಲಿಲ್ಲ. ಆಸ್ಪತ್ರೆ, ಔಷಧ ಎಂದು ಅಲೆದು ಸುಸ್ತಾದ ಮೇಲೆ ಅವಳು ಇಲ್ಲಿನ ಪಕ್ಷಿವೀಕ್ಷಕರ ಗುಂಪಿಗೆ ಸೇರಿಕೊಂಡಳು. ವೆನರ್ನ್ ಸರೋವರದ ದಡಕ್ಕೆ ಹತ್ತಿರದ ಒಂದು ನಡುಗಡ್ಡೆಯಲ್ಲಿ, ಪೈನ್ ಮರದ ತುದಿಯ ಗೂಡಿಗೆ ಮೀನುಗಿಡುಗಗಳ ಜೋಡಿಯೊಂದು ಪ್ರತಿವರ್ಷ ಆಫ್ರಿಕಾದಿಂದ ಮರಳುತ್ತಿತ್ತು. ಅವು ಬಂದ ದಿನದಿಂದ ಮರಿಗಳು ಹಾರುವತನಕ ದಡದಲ್ಲಿ ಕೂತು ಟೆಲಿಸ್ಕೋಪಿನಲ್ಲಿ ನೋಡಿ ಗುಂಪಿಗೆ ವರದಿ ಕೊಡಬೇಕು. ಆ ಕೆಲಸ ಇವಳಿಗೂ ಲೆನ್ನಾರ್ಟ್ ಎಂಬ ನಿವೃತ್ತ ಮೇಷ್ಟರಿಗೂ ಬಂತು. "ನನ್ನ ಮಕ್ಕಳಿಗೆ ಇವತ್ತು ದೊಡ್ಡ ಮೀನು ಮಾರಾಯ್ರೆ" ಎಂದು ಸಂಜೆ ಖುಷಿಯಿಂದ ಮನೆಗೆ ಬರುತ್ತಿದ್ದಳು. ಹಾಗಾದರೆ ನನಗೂ ಅದರಲ್ಲೊಂದು ತುಂಡು ತರಬಾರದಿತ್ತೇ ಎಂದು ನಾನು ಕಾಡಿಸುತ್ತಿದ್ದೆ.

ಆ ವರ್ಷ ಹಕ್ಕಿಗಳು ಮೊಟ್ಟೆಯಿಟ್ಟ ಹೊತ್ತಿಗೆ ಸುಧಾ ಹಾಸಿಗೆ ಹಿಡಿದಿದ್ದಳು. ಅನ್ನನಾಳದ ಕ್ಯಾನ್ಸರ್. ಒಂದು ಗುಟುಕು ಗಂಜಿತಿಳಿಯೂ ಒಳಗೆ ಹೋಗುತ್ತಿರಲಿಲ್ಲ. ಅಷ್ಟು ಆಸೆಯಿಂದ ಉಣ್ಣುತ್ತಿದ್ದವಳು ನಳಿಕೆಯಲ್ಲಿ ಇಳಿಸುವ ಆಹಾರದಲ್ಲಿ ಬದುಕಿದಳು. ಗೂಡಿನ ಅವಳ ಸರದಿಯನ್ನು ನಾನು ವಹಿಸಿಕೊಂಡೆ. ಆಸ್ಪತ್ರೆಗೆ ಹೋದಾಗಲೆಲ್ಲ ಕಣ್ಣಿನಲ್ಲೇ ಕೇಳುತ್ತಿದ್ದಳು, ಮರಿಯಾಯಿತೇ ಎಂದು. ಇನ್ನೂ ಇಲ್ಲ ಎನ್ನುತ್ತಿದ್ದೆ. ಮರಿಯಾಗುವ ಮೊದಲೇ ಹೋಗಿಬಿಟ್ಟಳು.

ಇಲ್ಲಿ ದಹನಕ್ಕೂ ವಾರಗಟ್ಟಲೆ ಕಾಯಬೇಕು. ಎಲ್ಲ ಮುಗಿಯುವಾಗ ಜೂನ್ ಅರ್ಧ ಕಳೆದಿತ್ತು. ಸತ್ತವರಿಗೆ ಇಷ್ಟವಾದ ಅಡುಗೆ ಮಾಡಿ ಕಾಗೆಗೆ ಎಡೆಯಿಡುವುದು ನಮ್ಮ ಕಡೆಯ ಪದ್ಧತಿ. ಕಾಗೆ ಮುಟ್ಟಿದರೆ ಹೋದ ಜೀವಕ್ಕೆ ತೃಪ್ತಿ. ಊರಿನಿಂದ ಅತ್ತೆ ಫೋನಿನಲ್ಲಿ ಹೇಳಿಕೊಟ್ಟರು, ನಾನು ಮಾಡಿದೆ. ಬಂಗುಡೆ ಇಲ್ಲಿ ಸಿಗುವುದಿಲ್ಲ, ಅದರ ನೆಂಟನಂತಿರುವ ಮಕ್ರಿಲ್ ಸಿಗುತ್ತದೆ. ಮಸಾಲೆ ಹಚ್ಚಿ ಹುರಿದು, ಬಾಳೆಲೆಯ ಬದಲು ಪೇಪರ್ ಪ್ಲೇಟಿನಲ್ಲಿ ಅನ್ನದ ಜೊತೆ ನಾವಿದ್ದ ಕಟ್ಟಡದ ಹಿಂದೆ ಇಟ್ಟೆ. ಈ ದೇಶದ ಬೂದು ಮೈಯ ಕಾಗೆಗಳು ಬಂದವು, ನೋಡಿದವು, ಹೋದವು. ಕೈಯಲ್ಲಿನ ಬನ್ನು ಕಸಿಯುವ ಕಡಲಹಕ್ಕಿಗಳು ಕೂಡ ಹತ್ತಿರ ಸುಳಿಯಲಿಲ್ಲ. ಮರುದಿನವೂ ಹಾಗೆಯೇ ಆಯಿತು.

"ಕಾಕಿ ಮುಟ್ಟಿತಾ ಮಗಾ?" ಅತ್ತೆ ದಿನವೂ ಕೇಳುತ್ತಿದ್ದರು. ಹೂಂ ಎಂದುಬಿಟ್ಟರೆ ಯಾರಿಗೆ ಗೊತ್ತಾಗುತ್ತಿತ್ತು? ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮಗಳು ಹಸಿದುಕೊಂಡೇ ಹೋದಳು ಎಂದು ಅವರೂ ರಾತ್ರಿಯ ಊಟ ಬಿಟ್ಟಿದ್ದರು. ಅಂಥವರಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವಳಿಗೆ ಏನೋ ಆಸೆ ಉಳಿದಿದೆ, ಅದನ್ನು ಬಾಯಿಬಿಟ್ಟು ಹೇಳಿ ಎಡೆಯಿಡು ಎಂದರು.

ಶನಿವಾರ ಗೂಡು ನೋಡುವ ಸರದಿಯಿತ್ತು. ಹುರಿದ ಮೀನು, ಅನ್ನ ಕಟ್ಟಿಕೊಂಡು ಸರೋವರಕ್ಕೇ ಹೋದೆ. ಲೆನ್ನಾರ್ಟ್ ಕಾಫಿಯ ಫ್ಲಾಸ್ಕ್ ತರಲು ಕಾರಿನ ಕಡೆ ನಡೆದಾಗ ದಡದ ಬಂಡೆಯ ಮೇಲೆ ಎಡೆಯಿಟ್ಟು ಹಿಂದೆ ಸರಿದೆ. ಏನು ಹೇಳಬೇಕು? ನಾಚಿಕೆಯಾಯಿತು. ಕೊನೆಗೆ, "ಸುಧಾ, ಮರಿ ಆಗಿದೆ. ಮೂರೂ ಗಟ್ಟಿಯಾಗಿವೆ ಕಣೆ" ಎಂದೆ. ಅಷ್ಟು ಹೇಳುವುದರೊಳಗೆ ಅಳು ಬಂತು.

ಹೆಣ್ಣು ಹಕ್ಕಿ ಗೂಡಿನಿಂದ ಎದ್ದಿತು. ಮರಿಗಳು ಸಣ್ಣವಿರುವಾಗ ಅದು ಗೂಡು ಬಿಟ್ಟು ದೂರ ಹೋಗುವುದಿಲ್ಲ, ಮೀನು ತರುವುದು ಗಂಡು. ಗಂಡು ಪಕ್ಕದ ಒಣಮರದ ಮೇಲೆ ಕಾಲಲ್ಲಿ ಮೀನಿಲ್ಲದೆ ಕೂತಿತ್ತು. ಹೆಣ್ಣು ನೇರ ನನ್ನತ್ತ ಬಂದು, ಬಂಡೆಯ ಮೇಲಿಂದ ಆ ಹುರಿದ ಮೀನನ್ನು ಎತ್ತಿಕೊಂಡು ಹೋಯಿತು. ರೆಕ್ಕೆಯ ಗಾಳಿ ನನ್ನ ಮುಖಕ್ಕೆ ಬಡಿಯಿತು. ಟೆಲಿಸ್ಕೋಪಿಗೆ ಕಣ್ಣಿಟ್ಟು ನೋಡಿದೆ. ಮೀನನ್ನು ಚೂರುಚೂರು ಮಾಡಿ ಒಂದೊಂದೇ ಮರಿಯ ಬಾಯಿಗಿಡುತ್ತಿತ್ತು. ತಾನು ಒಂದು ಚೂರೂ ತಿನ್ನಲಿಲ್ಲ.

ಲೆನ್ನಾರ್ಟ್ ನಂಬಲಿಲ್ಲ. ನೀರಿನಿಂದ ತಾನೇ ಹಿಡಿದ ಮೀನು ತಿನ್ನುವ ಹಕ್ಕಿ, ಮನುಷ್ಯನ ಪಕ್ಕದ ಪ್ಲೇಟಿಗೆ ಬಾಯಿ ಹಾಕುವುದುಂಟೇ? ನೀನು ನಿದ್ದೆಗೆಟ್ಟಿದ್ದೀಯ ಎಂದು ನನ್ನ ಭುಜ ಹಿಡಿದ. ಪ್ಲೇಟು ತೋರಿಸಿದೆ. ಅನ್ನ ಹಾಗೆಯೇ ಇತ್ತು, ಮೀನು ಮಾತ್ರ ಇರಲಿಲ್ಲ. ಅವನು ಪ್ಲೇಟಿನ ಮೇಲೆ ಬಾಗಿ ನೋಡಿ, ನನಗೆ ಕಾಫಿ ಬಗ್ಗಿಸಿಕೊಟ್ಟ. ಮರಿಗಳು ಹಾರುವತನಕ ಎಷ್ಟೋ ಸಲ ಅಲ್ಲಿ ಕೂತಿದ್ದೇನೆ. ಪರೀಕ್ಷೆಗೆಂದು ಮತ್ತೆ ಮೀನಿಟ್ಟೂ ನೋಡಿದ್ದೇನೆ, ಕೆಲಸದ ಚಾಳಿ. ಆ ಹಕ್ಕಿ ತಿರುಗಿಯೂ ನೋಡಲಿಲ್ಲ.

ಅದೇನೆಂದು ಇಷ್ಟು ವರ್ಷವಾದರೂ ನನಗೆ ಬಗೆಹರಿದಿಲ್ಲ. ಆದರೆ ಅಂದು ಮನೆಗೆ ಬಂದವನೇ ಅತ್ತೆಗೆ ಫೋನು ಮಾಡಿದ್ದೆ. ಕಾಗೆಯಲ್ಲ, ಹೀಗೆ ಸುಧಾ ನೋಡಿಕೊಳ್ಳುತ್ತಿದ್ದ ಹಕ್ಕಿ ಬಂದು ಮೀನು ತೆಗೆದುಕೊಂಡು ಹೋಯಿತು ಎಂದೆ. ಅವರಿಗೆ ಅದೇನೂ ಆಶ್ಚರ್ಯವೆನಿಸಲಿಲ್ಲ.

"ಹೊಟ್ಟಿ ತುಂಬ ಉಂಡ್ಳಾ ಮಗಾ?" ಎಂದು ಮಾತ್ರ ಕೇಳಿದರು.

"ಇಲ್ಲ ಅತ್ತೆ," ಎಂದೆ, "ಮಕ್ಕಳಿಗೆ ತಿನ್ನಿಸಿದ್ಳು."

ಆ ಕಡೆ ಅವರು ಅಳುವುದು ಕೇಳಿಸಿತು. ಆ ರಾತ್ರಿ ಊಟ ಮಾಡಿದರಂತೆ. ಹಾಗೆ ಏಕೆ ಹೇಳಿದೆನೋ ನನಗೆ ಗೊತ್ತಿಲ್ಲ. ಸುಳ್ಳು ಹೇಳಿದೆ ಎಂದು ಮಾತ್ರ ಒಂದು ದಿನವೂ ಅನ್ನಿಸಿಲ್ಲ.