ಹಾಲ್ದೋರಾಳ ಹಲಗೆಗಳು

ಹಾಲ್ದೋರಾ ಗುರುವಾರ ಬೆಳಿಗ್ಗೆ ಸತ್ತಳು. ಎದೆಯಲ್ಲಿ ಕಫ ಕಟ್ಟಿತ್ತು.

ಮರುದಿನ ಊರ ಮುಖ್ಯಸ್ಥ ಓಗ್ಮುಂದುರ್ ಒಬ್ಬ ಆಳನ್ನೂ ಗರಗಸವನ್ನೂ ತಂದು ಶಾಲೆಯ ಮುಂದೆ ನಿಂತ. ಶಾಲೆಯೆಂದರೆ ಹಾಲ್ದೋರಾಳ ಹಳೆಯ ಕುರಿಮನೆ. ಅವಳ ಗೆಳತಿ ರಾನ್ವೇಗ್ ಬಾಗಿಲಿಗೆ ಅಡ್ಡ ನಿಂತಿದ್ದಳು.

“ಹೆಣದ ಪೆಟ್ಟಿಗೆಗೆ ಮರ ಬೇಕಲ್ಲಮ್ಮ. ಈ ಸಲ ಕಡಲು ಒಂದು ಕಡ್ಡೀನೂ ತಂದು ಹಾಕಿಲ್ಲ. ಒಳಗಿರೋ ಮೇಜು ಅವಳದೇ ಹಲಗೆ ತಾನೆ? ಅವಳಿಗೇ ಆಗ್ಲಿ,” ಎಂದ ಓಗ್ಮುಂದುರ್.

“ನಿನ್ನ ಅಟ್ಟದ ಮೇಲಿರೋದು?”

“ಅದು ನನ್ನ ಪೆಟ್ಟಿಗೇದು.”

“ಹಾಗಾದ್ರೆ ನೀನೇ ಮೊದಲು ಹೋಗಬೇಕಿತ್ತು.”

ಐಸ್‌ಲ್ಯಾಂಡಿನ ಆ ತೀರದಲ್ಲಿ ಮರ ಬೆಳೆಯುವುದಿಲ್ಲ. ತೇಲಿಬಂದ ಮರದಲ್ಲಿ ಒಳ್ಳೆಯದನ್ನು ತನ್ನ ಶವಪೆಟ್ಟಿಗೆಗೆಂದು ಎತ್ತಿಡುವುದು ಮನೆಮನೆಯ ರೂಢಿ. ಹಾಲ್ದೋರಾಳೂ ಇಟ್ಟಿದ್ದಳು.

ಅಲ್ಲಿಯ ಹುಡುಗಿಯರಿಗೆ ಓದಲು ಬರುತ್ತಿತ್ತು. ಪಾದ್ರಿಯ ಮುಂದೆ ಧರ್ಮಪಾಠ ಒಪ್ಪಿಸಬೇಕಲ್ಲ. ಬರೆಯುವುದು ಮಾತ್ರ ಗಂಡುಮಕ್ಕಳ ಪಾಲು. ಹಾಲ್ದೋರಾ ಅಣ್ಣನ ಅಕ್ಷರ ಕದ್ದು ನೋಡಿ, ಹೆಪ್ಪುಗಟ್ಟಿದ ಕೆರೆಯ ಮೇಲೆ ಕೋಲಿನಲ್ಲಿ ಗೀಚಿ ಕಲಿತಳು. ಸಿಕ್ಕಿಬಿದ್ದ ದಿನ ಅಪ್ಪ ಬೆರಳಿಗೆ ಬಾರಿಸಿ, ಉಣ್ಣೆ ಕೊಟ್ಟು ಹೆಣೆಯಲು ಕೂರಿಸಿದ. ಆ ಸಿಟ್ಟು ಅವಳಲ್ಲಿ ಕೊನೆಯವರೆಗೂ ಆರಲಿಲ್ಲ.

ಗಂಡ ಸತ್ತ ಮೇಲೆ ಅವಳು ಊರಸಭೆಗೆ ಹೋದಳು. ಹುಡುಗಿಯರಿಗೆ ಬರೆಯಲು ಕಲಿಸುತ್ತೇನೆ, ಮೇಜಿಗೆ ನಾಲ್ಕು ಹಲಗೆ ಕೊಡಿ ಎಂದಳು.

“ಬರೆಯೋಕೆ ಬಂದ್ರೆ ಅವರು ಮೊದಲು ಬರೆಯೋದೇ ಪ್ರೇಮಪತ್ರ ಕಣೇ,” ಎಂದ ಓಗ್ಮುಂದುರ್.

“ನೀನು ನನಗೆ ಬರೆದಿದ್ಯಲ್ಲ, ಹಾಗಾ? ಆವತ್ತು ಕೈಲಿ ಲೇಖನಿ ಇದ್ದಿದ್ರೆ ಚೆನ್ನಾಗಿ ಬೈದು ಬರೀತಿದ್ದೆ.”

ಸಭೆ ಬಿದ್ದು ಬಿದ್ದು ನಕ್ಕಿತು. ಹಲಗೆ ಮಾತ್ರ ಯಾರೂ ಕೊಡಲಿಲ್ಲ. ಅವಳು ಮನೆಗೆ ಬಂದು ತನ್ನ ಪೆಟ್ಟಿಗೆಯ ಹಲಗೆಗಳನ್ನೇ ಅಟ್ಟದಿಂದ ಇಳಿಸಿ ಮೇಜು ಮಾಡಿಸಿದಳು. ಹುಡುಗಿಯರು ಬಂದರು. ತಮ್ಮ ಪಾಲಿನ ಕಾಲುಚೀಲ ಹೆಣೆದು ಮುಗಿಸಿದ ಮೇಲೆಯೇ ಲೇಖನಿ ಮುಟ್ಟಬೇಕೆಂದು ಅಪ್ಪಂದಿರ ಕಟ್ಟಪ್ಪಣೆ. ಅವರು ಹೆಣೆದರು, ಬರೆದರು ಕೂಡ.

ಆ ಮೇಜನ್ನೇ ಈಗ ಕೊಯ್ಯಲು ಬಂದಿದ್ದರು, ಉಪಕಾರ ಮಾಡುವವರ ಮುಖ ಹೊತ್ತು. ರಾನ್ವೇಗ್ ಪಕ್ಕಕ್ಕೆ ಸರಿದಳು. “ಬನ್ನಿ, ನೋಡಿ.”

ಆಳು ಗರಗಸ ಇಡಲು ಬಗ್ಗಿದವನು ಹಾಗೆಯೇ ನಿಂತ. ಪ್ರತಿ ಹಲಗೆಯ ಮೇಲೂ ಒಬ್ಬೊಬ್ಬ ಹುಡುಗಿಯ ಹೆಸರು ಕೆತ್ತಿತ್ತು. ಆ ತೀರದ ಕಟ್ಟಳೆಯಂತೆ ಕಡಲ ಮರದ ಮೇಲೆ ಯಾರ ಗುರುತಿದೆಯೋ ಅದು ಅವರ ಸ್ವತ್ತು. ಬೇರೆಯವರು ಮುಟ್ಟಿದರೆ ಕಳವು. ಇಂಥ ಕಳವಿಗೆ ಜನರನ್ನು ಎಳೆತಂದು ದಂಡ ಹಾಕಿಸುತ್ತಿದ್ದವನು ಓಗ್ಮುಂದುರನೇ.

“ಇದು ಯಾರ ಕೆಲಸ?”

“ನಿನಗೆ ಓದೋಕೆ ಬರುತ್ತಲ್ಲ,” ಎಂದಳು ರಾನ್ವೇಗ್.

ತುದಿಯ ಹಲಗೆಯ ಮೇಲಿದ್ದದ್ದು ಅವನ ಮಗಳು ಸಿಗ್ನಿಯ ಹೆಸರು. ಅವನು ಆಳನ್ನು ಕರೆದುಕೊಂಡು ಹೊರಗೆ ಹೋದ. ಪೆಟ್ಟಿಗೆಗೆ ಯಾರ ಅಟ್ಟದಿಂದ ಮರ ಇಳಿಯುತ್ತದೋ ಇಳಿಯಲಿ, ಅವರೇ ನೋಡಿಕೊಳ್ಳಲಿ ಎಂದುಕೊಂಡಳು ರಾನ್ವೇಗ್.

ಸಾಯುವ ಹಿಂದಿನ ದಿನ, ಬುಧವಾರ, ಹಾಲ್ದೋರಾ ಕಂಬಳಿ ಹೊದ್ದು, ರಾನ್ವೇಗ್‌ಳ ಹೆಗಲು ಹಿಡಿದು ಶಾಲೆಗೆ ಬಂದಿದ್ದಳು. ತನ್ನ ಚಾಕುವನ್ನು ಹುಡುಗಿಯರಿಗೆ ಒಬ್ಬೊಬ್ಬರಾಗಿ ಕೊಟ್ಟಳು. ಸಿಗ್ನಿಯ ಸರದಿ ಕೊನೆಗೆ ಬಂತು.

“ಅಪ್ಪ ಬೈತಾರೆ ಅಜ್ಜಿ.”

“ಬೈಲಿ. ಪೂರ್ತಿ ಕೆತ್ತು. ಅರ್ಧ ಬಿಟ್ರೆ ಅರ್ಧ ಹಲಗೆ ಒಯ್ದುಬಿಡ್ತಾನೆ.”

ಸಿಗ್ನಿ ಕೆತ್ತಿ ಮುಗಿಸಿದಳು. ಹಾಲ್ದೋರಾ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿ ನೋಡಿದಳು. ಕೆಮ್ಮಿದಳು.

“ಇನ್ನೂ ಆಳಕ್ಕೆ,” ಎಂದು ಚಾಕುವನ್ನು ಮತ್ತೆ ಅವಳ ಕೈಗಿಟ್ಟಳು.