ಮಂಗಟ್ಟೆಯ ಹಣ್ಣು

ಶಿರಸಿಯಲ್ಲಿ ಸತ್ತ ಪ್ರಾಣಿಗಳ ಚರ್ಮಕ್ಕೆ ಹತ್ತಿ ತುಂಬಿ ಇಟ್ಟ ಸಣ್ಣ ಮ್ಯೂಸಿಯಂ ಒಂದರಲ್ಲಿ ಧೂಳು ಒರೆಸುವ ಕೆಲಸ ನನ್ನದು. ಅಲ್ಲೊಂದು ದೊಡ್ಡ ಕೊಕ್ಕಿನ ಗಂಡು ಮಂಗಟ್ಟೆ ಹಕ್ಕಿ ಇದೆ. ಪೊಟರೆಯ ಬಾಯಿ ಮುಚ್ಚಿಕೊಂಡು ಒಳಗೆ ಮೊಟ್ಟೆಗೆ ಕೂತ ಹೆಣ್ಣಿಗೆ ಹಣ್ಣು ಕೊಡುವ ಹಾಗೆ ಅದನ್ನು ನಿಲ್ಲಿಸಿದ್ದಾರೆ. ಹೆಣ್ಣಿನ ಕೊಕ್ಕು ಮಾತ್ರ ಹೊರಗೆ ಕಾಣುತ್ತದೆ.

ಮಂಚಿಕೇರಿಯಿಂದ ಬಂದ ಅಜ್ಜಿಯೊಬ್ಬರು ಕೇಳಿದರು, “ತಮಾ, ಒಳಗೆ ಹೆಣ್ಣು ಇದ್ದಾ?”

“ಇಲ್ಲೆ ಅಮ್ಮ, ಒಳಗೆ ಖಾಲಿ. ಬರೀ ಕೊಕ್ಕು.”

“ಅಯ್ಯ, ಹಂಗಾರೆ ಇಂವ ಯಾರಿಗೆ ಹಣ್ಣು ಹಿಡ್ಕಂಡು ನಿಂತಿದ್ದ?”

ನನ್ನ ಹೆಂಡತಿ ತೀರಿಕೊಂಡು ಎಂಟು ತಿಂಗಳಾಯಿತು. ನಾನು ಈಗಲೂ ಸಂಜೆ ಎರಡು ಬನ್ಸ್ ಕಟ್ಟಿಸಿಕೊಂಡೇ ಮನೆಗೆ ಹೋಗುತ್ತೇನೆ. ಅಜ್ಜಿಗೆ ಹೇಳಿದೆ, “ಅವಂಗೆ ಯಾರೂ ಹೇಳಿದ್ವಿಲ್ಲೆ.”

ಅಜ್ಜಿ ನನ್ನ ಮುಖ ನೋಡಿದರು. “ನೀನೂ ಹೇಳಡ, ಬ್ಯಾಡ.”

ಅಂದಿನಿಂದ ಖಾಲಿ ಪೊಟರೆಯ ಹಿಂದಿನ ಹಲಗೆ ತೆಗೆದು ಗುಡಿಸುವಾಗ ಗಂಡಿನ ತಲೆಗೆ ಬಟ್ಟೆ ಮುಚ್ಚುತ್ತೇನೆ. ಧೂಳು ಬೀಳಬಾರದಲ್ಲ ಎಂದು ಮ್ಯೂಸಿಯಂನ ಸಾಹೇಬರಿಗೆ ಹೇಳಿದ್ದೇನೆ.