ಎಮ್ಮೆಯ ಕಪ್ಪಿಗಾಗಿ ಕ್ಯಾಮೆರಾ ಜೊತೆ ಚೌಕಾಶಿ

ಹಳೆಯ ಟ್ರ್ಯಾಕ್ಟರು, ನೀರೆತ್ತುವ ಮೋಟಾರು, ಹಾಲು ಕೊಡುವ ದನ, ಇವನ್ನೆಲ್ಲ ಇದ್ದವರಿಂದ ಬೇಕಾದವರಿಗೆ ದಾಟಿಸುವುದು ನನ್ನ ಕಸುಬು. ಶಿಗ್ಗಾಂವಿಯಲ್ಲಿ ಮನೆ, ಉಳಿದದ್ದೆಲ್ಲ ಬೈಕಿನ ಮೇಲೆ. ಈಗಿನ ಗಿರಾಕಿ ಫೋಟೋ ನೋಡದೆ ಮನೆಯ ಕಟ್ಟೆ ಇಳಿಯುವುದಿಲ್ಲ. ಹಾಗಾಗಿ ಸವಣೂರಿನಲ್ಲಿ ಅಂಗಡಿ ಮುಚ್ಚುತ್ತಿದ್ದ ಸ್ಟುಡಿಯೋದವನಿಂದ ಒಂದು ಡಿಜಿಟಲ್ ಕ್ಯಾಮೆರಾ ತಂದೆ. ಬ್ಯಾಡ ಬಿಡ್ರಿ ಅಂತ ನಾನು ಎದ್ದು ಬಾಗಿಲ ತನಕ ಹೋದ ಮೇಲೆ ಬ್ಯಾಗು, ಚಾರ್ಜರು ಎರಡನ್ನೂ ಸೇರಿಸಿ ಕೊಟ್ಟ. ಫೋಟೋ ತೆಗೆಯುವ ವಿದ್ಯೆಯನ್ನು ಮಾತ್ರ ತಾನೇ ಇಟ್ಟುಕೊಂಡ.

ಮೊದಲ ಕೆಲಸ ಬಂದದ್ದು ಅಕ್ಕನಿಂದ. ಅಕ್ಕ ಇರುವುದು ಹಾನಗಲ್ಲಿನ ಆಚೆ, ಆಡೂರಲ್ಲಿ. ಮೊಣಕಾಲು ಹಿಡಿದು, ಕುಕ್ಕರುಗಾಲಲ್ಲಿ ಕೂತು ಹಾಲು ಹಿಂಡುವುದು ಆಗದೆ, ಕರುವಾಗಿದ್ದಾಗಿನಿಂದ ಸಾಕಿದ ಎಮ್ಮೆಯನ್ನು ಕೊಡಲು ಒಪ್ಪಿದ್ದಳು. ಆದರೆ ಒಂದು ಶರತ್ತು.

“ಸಂತಿಗೆ ಹೊಡಿಬ್ಯಾಡ ತಮ್ಮಾ. ಅಲ್ಲಿಂದ ಎಲ್ಲಿಗೆ ಒಯ್ತಾರ ನನಗ ಗೊತ್ತಿಲ್ಲೇನು? ಮೇಯ್ಸೋ ಮನಿಗೇ ಹೋಗ್ಬೇಕು.”

ಹಿರೇಕೆರೂರು ಕಡೆ ಅಬಲೂರಲ್ಲಿ ಹೈನು ಮಾಡುವ ಗಂಡ ಹೆಂಡತಿ ಇದ್ದರು, ದನಗಳನ್ನು ಚೆನ್ನಾಗಿ ನೋಡಿಕೊಳ್ಳುವವರು. ಫೋಟೋ ಕಳಿಸಿ ಅಂದರು. ನಾನು ಕಸುಬಿನವನಲ್ಲವೇ, ಎಮ್ಮೆಗೆ ಮೈ ತೊಳೆದು, ಕೊಂಬಿನಿಂದ ಬಾಲದ ತನಕ ಎಣ್ಣೆ ತಿಕ್ಕಿದೆ. ಸಂತೆಯಲ್ಲಿ ಹೀಗೆ ತಿಕ್ಕಿದ ಎಮ್ಮೆ ಮಿಂಚುತ್ತದೆ, ಗಿರಾಕಿ ಬಾಯಿ ಬಿಡುತ್ತಾನೆ. ನಡು ಮಧ್ಯಾಹ್ನದ ಬಿಸಿಲಲ್ಲಿ ನಿಲ್ಲಿಸಿ ಗುಂಡಿ ಒತ್ತಿ, ಪುಟ್ಟ ಪರದೆಯನ್ನು ಸರಿಯಾಗಿ ನೋಡದೆ ಫೋನಿಗೆ ಇಳಿಸಿ ಕಳಿಸಿಬಿಟ್ಟೆ.

ಸಂಜೆ ಅಬಲೂರಿನವನ ಫೋನು. “ಅಣ್ಣಾರ, ಎಮ್ಮಿ ಮೈಮ್ಯಾಲೆ ಬಿಳೇ ಕಲಿ ಅದಾವಲ್ರಿ. ಏನ್ ರೋಗರಿ?”

ರೋಗವಲ್ಲ, ಎಣ್ಣೆಯ ಮೇಲೆ ಬಿದ್ದ ಬಿಸಿಲು ಅಂದೆ. ಅದು ಇನ್ನೂ ಕೆಟ್ಟಿತು. “ಎಣ್ಣಿ ಯಾಕ ಹಚ್ಚೀರಿ? ಏನ್ ಮುಚ್ಚಾಕ?”

ಬಾಯಿ ಬಂಡವಾಳದ ಮೇಲೆ ಬದುಕಿದ ನಾನು, ಇನ್ನೊಂದು ಫೋಟೋ ಕಳಿಸ್ತೀನಿ, ನೋಡಿ ಹೇಳ್ರಿ ಅಂತ ಅಂಗಲಾಚಿದೆ. ಅಕ್ಕ ನನ್ನ ಕ್ಯಾಮೆರಾ ಡಬ್ಬಿಯಿಂದಾಗಿ ತನ್ನ ಎಮ್ಮೆಗೆ ಇಲ್ಲದ ರೋಗ ಬಂತು ಎಂದು ಓಣಿಗೆಲ್ಲ ಕೇಳುವಂತೆ ಬೈದಳು. ಇನ್ನೊಂದು ಫೋಟೋಕ್ಕೆ ಅವರು ಒಪ್ಪಿದ್ದೇ ನನ್ನ ಪುಣ್ಯ. ಅದೂ ಕೆಟ್ಟರೆ ಮುಂದೆ ಸಂತೆಯೇ ಗತಿ.

ಮಾರನೆಯ ದಿನ ಸೀಗೆಕಾಯಿ ಹಾಕಿ ಎಣ್ಣೆ ತೆಗೆದೆವು. ಬಿಸಿಲು ಇಳಿದ ಮೇಲೆ ಫೋಟೋ ತೆಗೆದು ನೋಡಿದೆ. ಕಲೆ ಹೋಗಿತ್ತು, ಆದರೆ ಎಮ್ಮೆ ಬೂದಿಯಲ್ಲಿ ಹೊರಳಿ ಎದ್ದಂತಿತ್ತು. ಪಕ್ಕದ ಮನೆಯ ಬಿಳಿ ಎತ್ತನ್ನು ತೆಗೆದೆ, ಅದು ಮಾಸಿದ ಧೋತರದಂತೆ ಬಂತು. ಆಗ ತಲೆಗೆ ಹೊಳೆಯಿತು. ಈ ಕ್ಯಾಮೆರಾ ನಮ್ಮ ಪೈಕಿಯೇ, ದಲ್ಲಾಳಿ. ಕಪ್ಪು ನೋಡಿದರೆ ಇಷ್ಟು ಕಪ್ಪು ಇರಲಾರದು ಅನ್ನುತ್ತದೆ, ಬಿಳಿ ನೋಡಿದರೆ ಇಷ್ಟು ಬಿಳಿ ಇರಲಾರದು ಅನ್ನುತ್ತದೆ, ಎಲ್ಲವನ್ನೂ ನಡುವಿಗೆ ತಂದು ವ್ಯಾಪಾರ ಮುಗಿಸುತ್ತದೆ. ಅಂಥವನ ಮೊದಲ ಮಾತಿಗೆ ಒಪ್ಪಬಾರದು. ಕೂಡು, ಕಳೆ ಗುರುತಿನ ಗುಂಡಿಯೊಂದಿರುತ್ತದೆ, ಅದೇ ಚೌಕಾಶಿಯ ಜಾಗ. ಕರಿ ಎಮ್ಮೆಗೆ ಕಳೆಯ ಕಡೆ ತಿರುವಿ, ಬಿಳಿ ಎತ್ತಿಗೆ ಕೂಡಿನ ಕಡೆ. ಮನಸ್ಸು ಉಲ್ಟಾ ಹೇಳುತ್ತದೆ, ಕೇಳಬೇಡಿ.

ಮರುದಿನ ಎಳೆ ಬಿಸಿಲಲ್ಲಿ ಮತ್ತೆ ನಿಂತೆ. ನಿಂತೆ ಅಂದರೆ ಕೂತೆ. ನಿಂತು ತೆಗೆದರೆ ಎಮ್ಮೆ ಹಲ್ಲಿಯಂತೆ ನೆಲಕ್ಕೆ ಅಂಟುತ್ತದೆ, ಅದರ ಹೊಟ್ಟೆಯ ಮಟ್ಟಕ್ಕೆ ನೀವು ಇಳಿಯಬೇಕು. ಹಿಂದೆ ಒಣಗಲು ಹಾಕಿದ ಸೀರೆಗಳಿದ್ದರೆ ತೆಗೆಸಿ, ಇಲ್ಲದಿದ್ದರೆ ಎಮ್ಮೆಗೆ ಸೆರಗು ಬರುತ್ತದೆ. ದೊಡ್ಡದಾಗಿ ಕಾಣಬೇಕೆಂದು ಜೂಮ್ ಎಳೆಯುವ ಬದಲು ನೀವೇ ಹತ್ತಿರ ಹೋಗಿ. ಹಿಂಗಾಲಿನ ಕಡೆಯಿಂದ ಮಾತ್ರ ಹೋಗಬೇಡಿ. ಇದು ಸೊಂಟದ ಅನುಭವ.

ದೃಷ್ಟಿಯಾಗದಿರಲಿ ಎಂದು ಅಕ್ಕ ಕರಿ ಎಮ್ಮೆಯ ಹಣೆಗೆ ಕಾಡಿಗೆಯ ಬೊಟ್ಟು ಇಟ್ಟಿದ್ದಳು. ಯಾರಿಗೆ ಕಾಣಲೆಂದು ಇಟ್ಟಳೋ. ಅವಳಿಗೆ ಆಚೆ ಸರಿ ಅಂದರೆ ಎಮ್ಮೆಯೂ ಅವಳ ಹಿಂದೆ ಸರಿಯುತ್ತಿತ್ತು. ಕೊನೆಗೆ ಇರಲಿ ಬಿಡು ಅಂದು, ಅಕ್ಕ ಅದರ ಗಂಟಲ ಕೆಳಗೆ ತುರಿಸುತ್ತಿರುವಂತೆಯೇ, ಎಮ್ಮೆ ಕಣ್ಣು ಅರೆ ಮುಚ್ಚಿ ಕತ್ತು ಚಾಚಿದಂತೆಯೇ ತೆಗೆದೆ. ಕಪ್ಪು ಕಪ್ಪಾಗಿಯೇ ಬಂತು, ಕಳಿಸಿದೆ.

ಅಬಲೂರಿನ ಹೆಂಗಸು ಗಂಡನ ಕೈಯಿಂದ ಫೋನು ಕಸಿದು, ಹೆಣ್ಣುಮಕ್ಕಳ ಕೈಗೆ ಹಿಂಗ ಕತ್ತು ಕೊಡೋ ಎಮ್ಮಿ ಒದಿಯೂದಿಲ್ಲ, ಬರ್ತೇವಿ ಅಂದಳು. ಬಂದು, ಹಿಂಡಿ ನೋಡಿ, ಹೊಡೆದುಕೊಂಡು ಹೋದರು. ಅಕ್ಕ ಖಾಲಿ ಗೋದಲಿಯ ಕಡೆ ನೋಡದೆ ಒಳಗೆ ಹೋದಳು.

ಸ್ವಲ್ಪ ದಿನದ ಮೇಲೆ ಆ ಹೆಂಗಸು ತನ್ನ ಫೋನಿನಿಂದ ಒಂದು ಫೋಟೋ ಕಳಿಸಿದಳು. ಸೂರ್ಯನಿಗೆ ಎದುರಾಗಿ ತೆಗೆದದ್ದು. ಎಮ್ಮೆಯ ಮುಖ ಫೋಟೋದ ಹೊರಗೆ ಉಳಿದಿದೆ, ಅಡ್ಡಕ್ಕೆ ಅವಳ ಬೆರಳು. ನಾನು ಅಕ್ಕನಿಗೆ ತೋರಿಸಿ, ಬೆಳಕು ಬೆನ್ನಿಗಿರಬೇಕಿತ್ತು, ಇನ್ನೂ ಹಿಂದೆ ಸರಿಯಬೇಕಿತ್ತು ಅಂತ ಶುರುಮಾಡಿದೆ.

ಅಕ್ಕ ಫೋನನ್ನು ಕಣ್ಣಿನ ಹತ್ತಿರ ತಂದು ಎಮ್ಮೆಯ ಪಕ್ಕೆಯ ಮೇಲೆ ಬೆರಳಿಟ್ಟಳು. “ಸುಮ್ನಿರಪಾ. ಹೊಟ್ಟಿ ತುಂಬೇತಿ ನೋಡು.”